ಸೀಬೆ ಕೊಂಬೆ ಹೊಗೆಗೆ ಒಣಗಿಸೋದು ಹೇಗೆ?

ಪ್ರಶ್ನೆ (ಸಕಲೇಶಪುರ ತೋಟ):
ಮಳೆಗೆ ಮುಂಚೆ ಹಿತ್ತಲ ಸೀಬೆ ಮರದ ಕೊಂಬೆ ಕಡಿಸಿದ್ದೀವಿ. ತೋಳು ದಪ್ಪ, ನಾಲ್ಕಡಿ ಉದ್ದ. ಮುಚ್ಚಳದ ಇದ್ದಿಲು ಗ್ರಿಲ್‌ನಲ್ಲಿ ಹಂದಿ ಮಾಂಸಕ್ಕೆ ಹೊಗೆ ಹಾಕೋಕೆ ಬೇಕು. ತೊಗಟೆ ತೆಗೀಬೇಕಾ? ಸುಡೋ ಮುಂಚೆ ನೀರಲ್ಲಿ ನೆನೆಸಬೇಕಾ?

ಕೆಂಡದ ಒಲೆ:
ನಾಲ್ಕಡಿ ಕೊಂಬೆ ಹಾಗೇ ಬಿಟ್ರೆ ಒಳಗಡೆ ವರ್ಷವಾದರೂ ಹಸಿ ಇರುತ್ತೆ. ತೇವ ಬೇಗ ಹೋಗೋದು ಕಡಿದ ತುದಿಗಳಿಂದ, ತೊಗಟೆ ಅದನ್ನ ತಡೆಯುತ್ತೆ. ಈಗಲೇ ಒಂದಡಿ ತುಂಡು ಮಾಡಿ, ಪ್ರತಿ ತುಂಡನ್ನೂ ಕೊಡಲಿಯಲ್ಲಿ ನಾಲ್ಕು ಸೀಳು ಮಾಡಿ. ತೊಗಟೆ ಕೆತ್ತಿಬಿಡಿ, ಕುಟ್ಟೆ ಹುಳ ಸೇರೋದು ಅದರಡಿಯಲ್ಲೇ. ಮರಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣ ಬೆರೆಸಿದ ಶಿಲೀಂಧ್ರನಾಶಕ) ಹೊಡೆದಿದ್ರಂತೂ ತೆಗೀಲೇಬೇಕು, ತಾಮ್ರ ತೊಗಟೆ ಮೇಲೆ ಉಳಿದಿರುತ್ತೆ.

ನೆನೆಸಬೇಡಿ. ನೀರು ಮೇಲ್ಪದರದಲ್ಲೇ ನಿಲ್ಲುತ್ತೆ. ಅದು ಆವಿಯಾಗೋವರೆಗೂ ಕೆಂಡದ ಶಾಖ ಇಳಿದು, ದಟ್ಟ ಬಿಳಿ ಹೊಗೆ ಬಂದು ಮಾಂಸ ಕಹಿಯಾಗುತ್ತೆ.

ಸಕಲೇಶಪುರ ತೋಟ:
ಸರಿ ಸರ್. ಒಣಗಿದೆ ಅಂತ ಗೊತ್ತಾಗೋದು ಹೇಗೆ?

ಮರಗೆಲಸ:
ಬಡಿದು ಸದ್ದು ಕೇಳೋದು, ತುದಿಯ ಬಿರುಕು ನೋಡೋದು ನಂಬಿಕೆಗೆ ಸಾಲದು, ತುದಿ ಮೊದಲೇ ಬಿರಿಯುತ್ತೆ. ತೂಕ ಮಾಡಿ. ಹಸಿ ಸೀಳಿನ ನಡುವಿಂದ ಬೆರಳು ದಪ್ಪದ ಚೂರು ಕೊಯ್ದು ತೂಗಿ, 105 ಡಿಗ್ರಿ ಓವನ್‌ನಲ್ಲಿ ತೂಕ ಇಳಿಯೋದು ನಿಲ್ಲೋವರೆಗೆ ಇಡಿ. 60 ಗ್ರಾಂ ಇದ್ದದ್ದು 40ಕ್ಕೆ ನಿಂತ್ರೆ, ಒಣ ತೂಕದ ಲೆಕ್ಕದಲ್ಲಿ ತೇವ 50%. ಚೂರು ಕೊಯ್ದ ದಿನವೇ ಪಕ್ಕದ ಸೀಳು 600 ಗ್ರಾಂ ತೂಗಿದ್ರೆ ಅದರಲ್ಲಿ ಕಟ್ಟಿಗೆ 400 ಗ್ರಾಂ. 20% ತೇವಕ್ಕೆ ಬರೋಕೆ ಅದು 480ಕ್ಕೆ ಇಳೀಬೇಕು. ಸೀಳಿನ ಮೇಲೆ ಪೆನ್ಸಿಲ್‌ನಲ್ಲಿ 480 ಅಂತ ಬರೆದಿಟ್ಟು ವಾರಕ್ಕೊಮ್ಮೆ ತೂಗಿ.

ನಿಮ್ಮ ಕಡೆ ಮಳೆಗಾಲದಲ್ಲಿ ಜಗಲಿ ಮೇಲಿಟ್ಟು ಕಾಯೋದು ವ್ಯರ್ಥ. ಗಾಳಿಯ ಆರ್ದ್ರತೆ 90% ಇದ್ರೆ ಕಟ್ಟಿಗೆಯ ತೇವ 20%ರ ಆಸುಪಾಸಲ್ಲೇ ನಿಂತುಬಿಡುತ್ತೆ, ಬೂಷ್ಟೂ ಹಿಡಿಯುತ್ತೆ. ಸೌದೆ ಒಲೆ ಇದ್ರೆ ಮೇಲಿನ ಅಟ್ಟದಲ್ಲಿ ಸೀಳುಗಳ ಮಧ್ಯೆ ಸಂದು ಬಿಟ್ಟು ಅಡ್ಡಡ್ಡ ಜೋಡಿಸಿ. ಒಳಗಿನವರೆಗೂ ಬೂಷ್ಟು ಇಳಿದ ಸೀಳನ್ನ ಅಡುಗೆಗೆ ಬಳಸಬೇಡಿ.

ಕೆಂಡದ ಒಲೆ:
ಒಣಗಿದ ಮೇಲೆ ಎರಡು-ಮೂರು ಇಂಚಿನ ತುಂಡು ಮಾಡ್ಕೊಳ್ಳಿ. 2 ಕೆಜಿ ಭುಜದ ಮಾಂಸಕ್ಕೆ ಮೂರ್ನಾಲ್ಕು ತುಂಡು ಸಾಕು. ಮಾಂಸ ಕೆಂಡದ ನೇರ ಮೇಲೆ ಬೇಡ, ಪಕ್ಕಕ್ಕಿರಲಿ. ಗ್ರಿಲ್ ಒಳಗೆ 110–120 ಡಿಗ್ರಿ ಇಟ್ಕೊಳ್ಳಿ. ಹೊಗೆ ತೆಳ್ಳಗೆ ನೀಲಿಯಾದ ಮೇಲೇ ಮಾಂಸ ಇಡಿ, ಮೇಲಿನ ಕಿಂಡಿ ಮುಚ್ಚಲೇಬೇಡಿ. ಬಿಡಿಸಿ ತಿನ್ನೋ ಹಾಗೆ ಮೆತ್ತಗಾಗಬೇಕಿದ್ರೆ ಮಾಂಸದ ಒಳಗೆ 93 ಡಿಗ್ರಿ ಬರೋವರೆಗೆ ಬಿಡಿ.