ಸೆಂಟಿನೆಲ್-2ರಿಂದ ಲಗೂನಿನ ಆಳ: ಕಡಲಹುಲ್ಲಿನ ಮೇಲೆ ತಪ್ಪು, 12 ಮೀಟರ್ ಆಚೆ ಎಲ್ಲಾ ಒಂದೇ

ಮರಳುದಂಡೆ:
ಹವಳದ ದಿಬ್ಬ ಸುತ್ತುವರಿದ ಲಗೂನಿನ ಆಳದ ನಕ್ಷೆ ಮಾಡುತ್ತಿದ್ದೇನೆ. ಸೆಂಟಿನೆಲ್-2 ಉಪಗ್ರಹದ ಎಲ್2ಎ (ವಾತಾವರಣ ತಿದ್ದಿದ) ಚಿತ್ರ, ಸ್ಟಂಫ್ ಅನುಪಾತ (ನೀಲಿ ಬಿ2, ಹಸಿರು ಬಿ3 ಬ್ಯಾಂಡ್‌ಗಳ ಪ್ರತಿಫಲನವನ್ನು ಎನ್=1000ರಿಂದ ಗುಣಿಸಿ ತೆಗೆದ ಲಾಗ್‌ಗಳ ಅನುಪಾತ; ಇದು ಹೆಚ್ಚಿದಷ್ಟೂ ಆಳ ಹೆಚ್ಚು). ಆಳದ ಬಿಂದುಗಳು ಐಸ್‌ಸ್ಯಾಟ್-2 ಲೇಸರ್ ಉಪಗ್ರಹದ ಎಟಿಎಲ್03ರಿಂದ (ಒಂದೊಂದು ಫೋಟಾನ್‌ನ ಎತ್ತರದ ದತ್ತಾಂಶ). ಕಡಲಹುಲ್ಲಿನ ಹಾಸು ಪಕ್ಕದ ಮರಳಿಗಿಂತ 2 ಮೀಟರ್ ಮೇಲೆದ್ದಂತೆ ಬರುತ್ತದೆ. 12 ಮೀಟರ್ ಆಚೆ ಎಲ್ಲವೂ ಒಂದೇ ಆಳ. ಚಿತ್ರದಲ್ಲಿ ಓರೆ ಪಟ್ಟಿಗಳೂ ಇವೆ. 2021ರ ಚಿತ್ರದ ಗುಣಾಂಕ 2023ರದ್ದಕ್ಕೆ ಹೊಂದುವುದೇ ಇಲ್ಲ. ರ‍್ಯಾಂಡಮ್ ಫಾರೆಸ್ಟ್‌ಗೆ (ಯಂತ್ರಕಲಿಕೆಯ ಮಾದರಿ) ಹೋಗಲೇ?

ನೀಲಿಬ್ಯಾಂಡ್:
ಮಾದರಿ ಬದಲಿಸುವ ಮೊದಲು ಅದಕ್ಕೆ ಕೊಡುತ್ತಿರುವ ಸಂಖ್ಯೆಗಳನ್ನು ನೋಡಿ. 2022ರ ಜನವರಿ 25ರಂದು ಬಂದ ಸಂಸ್ಕರಣಾ ಆವೃತ್ತಿ, ಅಂದರೆ 04.00 ಬೇಸ್‌ಲೈನ್‌ನಿಂದ ಪಿಕ್ಸೆಲ್ ಮೌಲ್ಯಕ್ಕೆ 1000 ಸೇರಿರುತ್ತದೆ. ಅದನ್ನು ಕಳೆದು, ಆಮೇಲೆ 10000ರಿಂದ ಭಾಗಿಸಬೇಕು. ನೀರಿನ ಪ್ರತಿಫಲನವೇ 0.02ರಿಂದ 0.05ರ ಆಸುಪಾಸಿನಲ್ಲಿರುವಾಗ 0.1 ಹೆಚ್ಚಾದರೆ ಅನುಪಾತ 1ಕ್ಕೆ ಅಂಟಿಕೊಂಡುಬಿಡುತ್ತದೆ. ಹಳೆಯ ಚಿತ್ರಗಳನ್ನೂ ಮರುಸಂಸ್ಕರಿಸಿರುವುದರಿಂದ ದಿನಾಂಕ ನಂಬಬೇಡಿ, ಮೆಟಾಡೇಟಾದಲ್ಲಿ ಬೇಸ್‌ಲೈನ್ ನೋಡಿ. ಗೂಗಲ್ ಅರ್ಥ್ ಎಂಜಿನ್‌ನ ಹಾರ್ಮೊನೈಸ್ಡ್ ಸಂಗ್ರಹದಲ್ಲಿ ಇದು ಆಗಲೇ ಸರಿಯಾಗಿರುತ್ತದೆ, ಮತ್ತೆ ಕಳೆಯಬೇಡಿ.

ಎಲ್2ಎ ಮಾಡುವ ಸೆನ್2ಕಾರ್ ತಂತ್ರಾಂಶ ಮುಖ್ಯವಾಗಿ ನೆಲಕ್ಕಾಗಿ ಬರೆದದ್ದು. ಎಲ್1ಸಿ (ವಾತಾವರಣ ತಿದ್ದದ ಚಿತ್ರ) ಇಳಿಸಿಕೊಂಡು, ನೀರಿಗಾಗಿ ಮಾಡಿದ ಎಕೊಲೈಟ್‌ನಲ್ಲಿ ವಾತಾವರಣ ತಿದ್ದುಪಡಿ ಮಾಡಿ.

ಪಟ್ಟಿಗಳು ಬಿಸಿಲಿನ ಹೊಳಪಿನವು. ಕ್ಯಾಮೆರಾದ 12 ಡಿಟೆಕ್ಟರ್‌ಗಳಲ್ಲಿ ಸಮ ಮತ್ತು ಬೆಸ ಸಂಖ್ಯೆಯವು ಸ್ವಲ್ಪ ಬೇರೆ ಕೋನದಿಂದ ನೋಡುತ್ತವೆ, ಹಾಗಾಗಿ ಹೊಳಪೂ ಬೇರೆ. ಹೊಳಪು ತೆಗೆಯಲು ಹೆಡ್ಲಿ ವಿಧಾನ: ಆಳ ನೀರಿನಲ್ಲಿ, ಹೊಳಪು ಹೆಚ್ಚುಕಡಿಮೆ ಇರುವ ಜಾಗ ಆರಿಸಿ, ಪ್ರತಿ ಬ್ಯಾಂಡನ್ನೂ ಬಿ8ರ (ಸಮೀಪದ ಇನ್‌ಫ್ರಾರೆಡ್) ಎದುರು ಇಟ್ಟು ಇಳಿಜಾರು ಕಂಡುಹಿಡಿಯಿರಿ. ಇಳಿಜಾರು × (ಬಿ8 − ಕನಿಷ್ಠ ಬಿ8) ಕಳೆಯಿರಿ. ಒಂದು ಮೀಟರ್‌ಗಿಂತ ಕಡಿಮೆ ನೀರಿನಲ್ಲಿ, ಇಳಿತದಲ್ಲಿ ತಲೆ ಎತ್ತಿದ ದಿಬ್ಬದ ಮೇಲೆ, ಬಿ8ರಲ್ಲಿ ತಳದ ಬೆಳಕೂ ಸೇರಿರುತ್ತದೆ. ಅಲ್ಲಿ ಇದು ಅಗತ್ಯಕ್ಕಿಂತ ಹೆಚ್ಚು ಕಳೆಯುತ್ತದೆ, ಮಾಸ್ಕ್ ಹಾಕಿ ಹೊರಗಿಡಿ.

ಅಲೆಗಣಿತ:
ಹುಲ್ಲಿನ ವಿಷಯಕ್ಕೆ ಬರೋಣ. ಅನುಪಾತಕ್ಕೆ ತಳದ ಬಣ್ಣ ಲೆಕ್ಕಕ್ಕಿಲ್ಲ ಎನ್ನುವುದು ಅರ್ಧ ಸತ್ಯ. ಇದು ಲಾಗ್‌ಗಳ ಅನುಪಾತ, ಅನುಪಾತದ ಲಾಗ್ ಅಲ್ಲ. ನೀಲಿ 0.05, ಹಸಿರು 0.03 ಇದ್ದರೆ 1.150. ಎರಡನ್ನೂ ಅರ್ಧ ಮಾಡಿ, 1.189. ಇದಷ್ಟೇ ಆಗಿದ್ದರೆ ಆಳ ಹೆಚ್ಚು ಬರಬೇಕಿತ್ತು, ಆದರೆ ಹುಲ್ಲಿನ ಕ್ಲೋರೊಫಿಲ್ ಹಸಿರಿಗಿಂತ ನೀಲಿಯನ್ನು ಹೆಚ್ಚು ನುಂಗುವುದರಿಂದ ಅನುಪಾತ ಇಳಿದು ಆಳ ಕಡಿಮೆ ಬರುತ್ತದೆ. ಬ್ಯಾಂಡ್‌ಗಳ ಲಾಗ್‌ಗಳನ್ನು ತೂಕ ಹಾಕಿ ಕೂಡಿಸುವ ಲೈಜೆಂಗಾ ರೀತಿಯ ರೇಖೀಯ ಮಾದರಿಯಲ್ಲಾದರೆ ಸಾಮಾನ್ಯವಾಗಿ ಇದರ ತದ್ವಿರುದ್ಧ: ಕಪ್ಪು ತಳ ಎಂದರೆ ಹೆಚ್ಚು ಆಳ. ಮರಳು ಮತ್ತು ಹುಲ್ಲನ್ನು ಮೊದಲು ಬೇರ್ಪಡಿಸಿ, ಎರಡಕ್ಕೂ ಬೇರೆ ಬೇರೆ ಗುಣಾಂಕ ಹಾಕಿ. ರ‍್ಯಾಂಡಮ್ ಫಾರೆಸ್ಟ್ ಆಗಬಹುದು, ಆದರೆ ಹುಲ್ಲಿನ ಮೇಲೆ ಎಟಿಎಲ್03 ಬಿಂದುಗಳಿಲ್ಲದಿದ್ದರೆ ಅದೂ ಅಷ್ಟೇ ಸುಳ್ಳು ಹೇಳುತ್ತದೆ.

12 ಮೀಟರ್ ಆಚೆ ನಿಮ್ಮ ಚಿತ್ರದಲ್ಲಿ ಹಸಿರು ಬೆಳಕು ತಳದಿಂದ ವಾಪಸು ಬರುತ್ತಿಲ್ಲ. ಆಳ ನೀರಿನಲ್ಲಿ ಬಿ3ರ ಸರಾಸರಿ ಮತ್ತು ಪ್ರಮಾಣ ವಿಚಲನೆ ತೆಗೆದು, ಸರಾಸರಿ + 3 ವಿಚಲನೆಗಿಂತ ಕೆಳಗಿನ ಪಿಕ್ಸೆಲ್‌ಗಳನ್ನು ಖಾಲಿ ಬಿಡಿ. ತಿಳಿ ನೀರಿನ ದಿನದ ಚಿತ್ರ ಸಿಕ್ಕರೆ ಮಿತಿ 20 ಮೀಟರ್ ದಾಟಬಹುದು. ಮಾದರಿ ಬದಲಿಸಿ ಆ ಬೆಳಕನ್ನು ತರಲಾಗದು.

ಫೋಟಾನ್ ಬಲೆ:
ಎಟಿಎಲ್03ರ ಎತ್ತರಕ್ಕೆ ನೀರಿನ ವಕ್ರೀಭವನದ ತಿದ್ದುಪಡಿ ಇರುವುದಿಲ್ಲ. ಕಂಡ ಆಳವನ್ನು ಸುಮಾರು 0.75ರಿಂದ ಗುಣಿಸಿ, ಇಲ್ಲದಿದ್ದರೆ 9 ಮೀಟರ್ ತಳ 12 ಎಂದು ಬರುತ್ತದೆ. ನಿಮ್ಮ 12 ಕೂಡ ನಿಜವಾಗಿ 9 ಇರಬಹುದು! ಆಳವನ್ನು ಉಪಗ್ರಹ ಹಾದುಹೋದ ಅದೇ ಹಾದಿಯ ನೀರಿನ ಮೇಲ್ಮೈಯಿಂದ ಅಳೆದು, ಆ ಹೊತ್ತಿನ ಭರತ-ಇಳಿತದ ಎತ್ತರ ಕಳೆದು, ಚಿತ್ರ ತೆಗೆದ ಹೊತ್ತಿನದನ್ನು ಕೂಡಿಸಿ.

ಪರೀಕ್ಷೆಗೆ ಬಿಂದುಗಳನ್ನು ಮನಬಂದಂತೆ ಹಂಚಬೇಡಿ. ಲೇಸರ್ ಮಿಡಿತಗಳ ಅಂತರ 0.7 ಮೀಟರ್, ಅಂದರೆ 10 ಮೀಟರ್ ಪಿಕ್ಸೆಲ್‌ನಲ್ಲಿ ಹದಿನಾಲ್ಕು. ಒಂದೇ ಪಿಕ್ಸೆಲ್ ತರಬೇತಿಯಲ್ಲೂ ಪರೀಕ್ಷೆಯಲ್ಲೂ ಕೂತು ದೋಷ ಚಿಕ್ಕದಾಗಿ ಕಾಣುತ್ತದೆ. ಪಿಕ್ಸೆಲ್‌ಗೊಂದು ಮಧ್ಯಾಂಕ ತೆಗೆದು, ಪರೀಕ್ಷೆಗೆ ಪೂರ್ತಿ ಹಾದಿಗಳನ್ನೇ ಪಕ್ಕಕ್ಕಿಡಿ.

ಮರಳುದಂಡೆ:
2023ರ ಚಿತ್ರದ ಬೇಸ್‌ಲೈನ್ 05.09, 1000 ಕಳೆದಿರಲಿಲ್ಲ. ಎಕೊಲೈಟ್ ಆದ ಮೇಲೂ ಹೆಡ್ಲಿ ಬೇಕೇ?

ನೀಲಿಬ್ಯಾಂಡ್:
ಎಕೊಲೈಟ್‌ನಲ್ಲಿ ಶಾರ್ಟ್‌ವೇವ್ ಇನ್‌ಫ್ರಾರೆಡ್ ಆಧರಿಸಿದ ಹೊಳಪು ತಿದ್ದುಪಡಿ ಆನ್ ಮಾಡಿದ್ದರೆ ಬೇಡ. ಎರಡರಲ್ಲಿ ಒಂದೇ ಸಾಕು, ಎರಡೂ ಹಾಕಿದರೆ ನೀಲಿ ಋಣಾತ್ಮಕಕ್ಕೆ ಇಳಿದು ಲಾಗ್ ಮುರಿಯುತ್ತದೆ.