ಟ್ರೈನಿಂಗು ರಾಜಣ್ಣಂದು, ಹುಳ ಜಯಕ್ಕಂದು

ರೇಷ್ಮೆ ಗೂಡು ಬಿಡಿಸುವ ಕೆಲಸಕ್ಕೆ ಕೈ ಸಾಕು, ಬಾಯಿ ಬೇಕಿಲ್ಲ. ಹಾಗಾಗಿ ಮದ್ದೂರು ಸೀಮೆಯ ಯಾವ ಜಗಲಿಯಲ್ಲಿ ಹುಳ ಗೂಡು ಕಟ್ಟುವ ಬಿದಿರ ತಟ್ಟೆಯಾದ ಚಂದ್ರಿಕೆಯ ಮುಂದೆ ನಾಲ್ಕು ಜನ ಕೂತರೂ ಊರಿನ ಅಷ್ಟೂ ವ್ಯಾಜ್ಯ ಅಲ್ಲೇ ಇತ್ಯರ್ಥವಾಗಿಬಿಡುತ್ತದೆ. ಅವತ್ತು ಕೂತಿದ್ದವರು ಜಯಕ್ಕ, ಪಕ್ಕದ ಮನೆಯ ಸೊಸೆ ಮಂಜುಳ, ದವಡೆಗೆ ಅಡಿಕೆ ಒತ್ತಿಕೊಂಡ ಪುಟ್ಟತ್ತೆ. ಜಯಕ್ಕನ ಯಜಮಾನ ರಾಜಣ್ಣ ಮತ್ತು ಅವನ ಜೊತೆಗಾರ ನಂಜಣ್ಣ ಕಂಬಕ್ಕೆ ಒರಗಿ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದರು.

ರಾಜಣ್ಣನ ಹೆಗಲಲ್ಲಿ ಹೊಸ ಬ್ಯಾಗು. ರೇಷ್ಮೆ ಬೆಳೆಗಾರರ ತರಬೇತಿಯಲ್ಲಿ ಕೊಟ್ಟದ್ದು. ಒಳಗೆ ಒಂದು ಪೆನ್ನು, ಒಂದು ಪುಸ್ತಕ.

“ಏನ್ ಹೇಳ್ಕೊಟ್ರಣ್ಣ?” ಮಂಜುಳ ಕೇಳಿದಳು.

“ಎಲ್ಲಾನೂವೆ. ಮಧ್ಯಾಹ್ನ ಮುದ್ದೆ, ಅವರೆಕಾಳು ಸಾರು, ಒಂದು ಬಾಳೆಹಣ್ಣು...”

“ಅದಲ್ಲ ಕನಣ್ಣ, ಹುಳದ್ದು.”

“ಹುಳದ್ದೂ ಹೇಳುದ್ರು. ಚೆನ್ನಾಗಿ ನೋಡ್ಕಬೇಕಂತೆ.”

ಜಯಕ್ಕ ಗೂಡಿನ ಮೇಲಿನ ಜಾಳುನೂಲು ಸುಲಿಯುತ್ತಾ, “ಸದ್ಯ, ಹೊಸಾ ವಿಚಾರ” ಎಂದಳು.

ನಂಜಣ್ಣ ಗೆಳೆಯನ ಪರ ನಿಂತ. “ಜಯಕ್ಕ, ನೀವು ಎಂಗಿದ್ರೂ ಮನೇಲೇ ಇರ್ತೀರ. ಹೋಗ್ತಾ ಬತ್ತಾ ವಸಿ ಸೊಪ್ಪು ಹಾಕ್ತೀರ. ಬೆಳೆಗಾರ ಅಂದ್ರೆ ತಲೆ ಓಡಿಸ್ಬೇಕು. ಅದ್ಕೇ ರಾಜನ್ನ ಕರ್ಸವ್ರೆ.”

ಪುಟ್ಟತ್ತೆ ಅಡಿಕೆಯನ್ನು ಆ ದವಡೆಯಿಂದ ಈ ದವಡೆಗೆ ದಾಟಿಸಿದಳು. ರಾಜಣ್ಣನಿಗೆ ಅವಳು ಸೋದರತ್ತೆ. ಅವನ ಜುಟ್ಟು ಹಿಡಿಯುವ ಹಕ್ಕು ಹುಟ್ಟಿನಿಂದ ಬಂದದ್ದು. “ಅಂಗಾದ್ರೆ ತಲೆ ಎಷ್ಟು ಓಡ್ತದೆ ನೋಡಾನ. ಬಾಪ್ಪಾ ರಾಜ, ಪರೀಕ್ಸೆ. ಪಾಸಾದ್ರೆ ಬೆಳೆಗಾರ ನೀನೇ, ಜಯನ್ನ ಕೂಲಿಗೆ ಇಟ್ಕೊ, ದಿನಗೂಲಿ ಕೊಡು.”

ದಿನಗೂಲಿ ಎಂದ ಕೂಡಲೇ ರಾಜಣ್ಣ ನೆಟ್ಟಗೆ ಕೂತ.

“ಚಾಕಿ ಮರಿಹುಳ ತರೋ ಮುಂಚೆ ಹುಳದ ಮನೆಗೆ ಬ್ಲೀಚಿಂಗ್ ಪೌಡರ್ ನೀರು ಹೊಡಿತೀವಲ್ಲ. ಹತ್ತು ಲೀಟರ್ ನೀರ್ಗೆ ಪೌಡರ್ ಎಷ್ಟು?”

“ಒಂದು ಹಿಡಿ.”

“ಯಾರ ಹಿಡಿ?”

ಮಂಜುಳ ಅಷ್ಟರಲ್ಲಿ ಬ್ಯಾಗಿನ ಪುಸ್ತಕ ತೆಗೆದು ನೋಡಿದ್ದಳು. ಅದರಲ್ಲಿ ಇದ್ದದ್ದು ಶೇಕಡಾ 2ರ ಬ್ಲೀಚಿಂಗ್ ದ್ರಾವಣ, ಅದಕ್ಕೆ ಶೇಕಡಾ 0.3 ಸುಣ್ಣ.

“ಅಂದ್ರೆ 10 ಲೀಟರಿಗೆ 200 ಗ್ರಾಂ ಪೌಡರು, 30 ಗ್ರಾಂ ಅರಳಿದ ಸುಣ್ಣ,” ಎಂದಳು ಜಯಕ್ಕ ತಲೆ ಎತ್ತದೆ. “ಕದಡಿ, ತಿಳಿಯಾಗಕ್ಕೆ ಬುಟ್ಟು, ಬಟ್ಟೇಲಿ ಸೋಸಿ, ಗೋಡೆ, ಸೂರು, ಸ್ಟ್ಯಾಂಡು, ನೆಲ ಎಲ್ಲ ತೋಯೋ ಅಂಗೆ ಹೊಡೀಬೇಕು. ಅಳತೆ ಸರಿಯಿದ್ರೂ ಪೌಡರ್ ಹಳೇದಾದ್ರೆ ದಂಡ. ಪಾಕೀಟು ಬಾಯಿ ತೆಗೆದಿಟ್ರೆ ಅದರ ಕ್ಲೋರಿನ್ ಹಾರೋಗ್ತದೆ. ಮೂಗಿಗೆ ಘಾಟು ಹೊಡೀಲಿಲ್ಲ ಅಂದ್ರೆ ಹೊಡೀತಿರೋದು ಸುಣ್ಣದ ನೀರು ಅಷ್ಟೆ. ರೋಗ ಗೋಡೇಲೇ ಕುಂತು ಮುಂದ್ಲ ಬೆಳೆಗೆ ಕಾಯ್ತಿರ್ತದೆ.”

“ಪುಸ್ತಕ್ದಲ್ಲಿ ಅದೆಯಲ್ಲ, ನೋಡ್ಕಂಡ್ರೆ ಆಯ್ತು” ಎಂದ ನಂಜಣ್ಣ.

“ನಾಳಿಂದ ಪುಸ್ತಕ ಬ್ಯಾಗಲ್ಲಿ, ಬ್ಯಾಗು ಗೂಟದಲ್ಲಿ, ಗೂಟ ನಿಮ್ಮ ಜೊತೆಗಾರ್ರ ಟವೆಲ್ ಕೆಳಗೆ. ನೋಡ್ಕಳೋರು ಯಾರು?” ಎಂದಳು ಮಂಜುಳ.

ಇಲ್ಲೊಂದು ಮಾತು ಹೇಳಿಬಿಡಬೇಕು. ಹೆಂಗಸರ ಕೆಲಸವನ್ನು ಕೆಲಸವೆನ್ನದಿದ್ದರೆ ಅವರಿಗೆ ಬೇಜಾರಾಗುತ್ತದೆ ಎಂದು ಸಭೆಗಳಲ್ಲಿ ಭಾಷಣವಾಗುತ್ತದೆ. ಬೇಜಾರಿನ ಮಾತು ಆಮೇಲಿರಲಿ, ಬೆಳೆ ಕೈಕೊಡುತ್ತದೆ. ಕೇಳಿಸಿಕೊಂಡು ಬಂದವನು ಹುಳದ ಮನೆಗೆ ಹೋಗುವುದಿಲ್ಲ, ಹುಳದ ಮನೆಯಲ್ಲಿ ಇರುವವಳಿಗೆ ಕೇಳಿಸಲಿಲ್ಲ. 200 ಗ್ರಾಂ ದಾರಿಯಲ್ಲಿ ಒಂದು ಹಿಡಿಯಾಗುವುದು ಹೀಗೆ.

“ಎರಡ್ನೇ ಪ್ರಶ್ನೆ,” ಎಂದಳು ಪುಟ್ಟತ್ತೆ. “ಹುಳ ಜ್ವರಕ್ಕೆ ಕುಂತವೆ. ಏನ್ ಮಾಡ್ತೀಯ?”

ಪಟ್ಟಣದ ಓದುಗರು ಗಾಬರಿಯಾಗಬೇಕಿಲ್ಲ. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅಂತಾರೆ, ಥರ್ಮಾಮೀಟರು ಬೇಡ. ಒಟ್ಟು ನಾಲ್ಕು ಜ್ವರ. ಚಾಕಿ ಕೇಂದ್ರದವರು ಎರಡು ದಾಟಿಸಿ ಕೊಡುತ್ತಾರೆ, ಇನ್ನೆರಡು ನಮ್ಮ ಮನೆಯಲ್ಲೇ.

ರಾಜಣ್ಣನಿಗೆ ಕರುಣೆ ಉಕ್ಕಿತು. “ಪಾಪ, ಉಪವಾಸ ಇರ್ತವೆ. ಎಳೇ ಸೊಪ್ಪು ಎರಡು ಎಸೀತೀನಿ.”

ಮೂರು ಹೆಂಗಸರೂ ಒಟ್ಟಿಗೆ ಹಣೆ ಚಚ್ಚಿಕೊಂಡರು.

“ಆ ಎರಡು ಸೊಪ್ಪೇ ಮನೆ ಹಾಳ್ಮಾಡದು,” ಎಂದಳು ಜಯಕ್ಕ. “ಜ್ವರಕ್ಕೆ ಕುಂತ ಹುಳ ತಲೆ ಎತ್ಕಂಡು ಅಲ್ಲಾಡ್ದೆ ಇರ್ತದೆ, ಮೈ ಬಿಗಿಯಾಗಿ ಹೊಳೀತದೆ. ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಹಂಗೆ ಕುಂತ್ಮೇಲೆ ಸೊಪ್ಪು ನಿಲ್ಲಿಸಿ, ತೆಳ್ಳಗೆ ಸುಣ್ಣದ ಪುಡಿ ಉದುರಿಸ್ಬೇಕು. ಹಾಸೂ ಒಣಗ್ತದೆ, ಮಿಕ್ಕಿದ ಸೊಪ್ಪೂ ಒಣಗ್ತದೆ. ಮೊದ್ಲು ಎದ್ದ ಹುಳಕ್ಕೆ ತಿನ್ನಕ್ಕೆ ಸಿಕ್ಕಬಾರ್ದು, ಅದಕ್ಕೇ. ಅವು ತಿಂದು ಮುಂದೋದ್ರೆ, ತಡವಾಗಿ ಎದ್ದವು ಹಿಂದೆ ಬಿದ್ರೆ, ಒಂದೇ ತಟ್ಟೇಲಿ ದೊಡ್ಡವು ಚಿಕ್ಕವು ಎರಡೂ ಆಯ್ತವೆ. ಆಮೇಲೆ ಹಣ್ಣಾಗದೂ ಒಟ್ಟಿಗೆ ಆಗಲ್ಲ, ಗೂಡು ಕಟ್ಟದೂ ಒಟ್ಟಿಗೆ ಆಗಲ್ಲ. ನೂರಕ್ಕೆ ತೊಂಬತ್ತೈದು ಎದ್ಮೇಲೆ ಹಾಸಿನ ಮೇಲೆ ರೋಗ ತಡೆಯೋ ಪುಡಿ ಉದುರಿಸಿ, ಅರ್ಧ ಗಂಟೆ ಬುಟ್ಟು, ಎಲ್ಲಕ್ಕೂ ಒಂದೇ ಸಲ ಸೊಪ್ಪು.”

“ಮದ್ವೆ ಊಟದ ಪಂಕ್ತಿ ಇದ್ದಂಗೆ,” ಎಂದಳು ಪುಟ್ಟತ್ತೆ. “ಎಲ್ರೂ ಕುಂತ್ಮೇಲೇ ಬಡಿಸದು. ನಿನ್ನಂಗೆ ಮುಂಚೇನೇ ಎಲೆ ಮುಂದೆ ಕುಂತೋನ್ಗೆ ಬಡಿಸ್ತಾ ಕುಂತ್ರೆ ಅಡುಗೆ ಮುಗ್ದೋಯ್ತದೆ.”

ಎರಡನೆಯದಕ್ಕೂ ಸೊನ್ನೆ.

ರಾಜಣ್ಣ ಬೀಡಿ ಹಚ್ಚಿಕೊಂಡು ಸಮಾಧಾನ ಮಾಡಿಕೊಳ್ಳಲು ಎದ್ದ. ಹುಳದ ಮನೆ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿದ್ದ, ಅಷ್ಟೆ. “ಅಲ್ಲೇ ನಿಂತ್ಕೋ! ಮೂರ್ನೇ ಪ್ರಶ್ನೇಲಿ ಪ್ರಾಕ್ಟಿಕಲ್ಲೇ ಫೇಲಾದೆ” ಎಂದಳು ಪುಟ್ಟತ್ತೆ. ಹೊಗೆಸೊಪ್ಪಿನ ವಾಸನೆ, ಸೊಳ್ಳೆ ಬತ್ತಿ, ಪಕ್ಕದ ಹೊಲದಲ್ಲಿ ಹೊಡೆದ ಕೀಟನಾಶಕದ ಗಾಳಿ, ಮೂರೂ ಹುಳಕ್ಕೆ ವಿಷ. ತಂಬಾಕು ಬೆಳೆದ ಹೊಲದ ಮಗ್ಗುಲಲ್ಲಿ ಹಿಪ್ಪುನೇರಳೆ ತೋಟ ಇಡಬೇಡಿ ಅನ್ನುವುದೂ ಅದಕ್ಕೇ. ಇನ್ನು ಬಾಗಿಲಿನ ಬಲೆ ಪರದೆ ಸರಿಸಿಟ್ಟು ಹೋಗುವವರದ್ದು ಬೇರೆ ಪಾಪ. ಅದು ಅಲಂಕಾರಕ್ಕಲ್ಲ, ಊಜಿ ನೊಣಕ್ಕೆ. ಒಂದು ನೊಣ ಒಳಗೆ ನುಗ್ಗಿ ಹುಳದ ಮೈಮೇಲೆ ಮೊಟ್ಟೆ ಇಟ್ಟರೆ, ಮರಿ ಒಳಹೊಕ್ಕ ಜಾಗದಲ್ಲಿ ಕಪ್ಪು ಕಲೆ ಬೀಳುತ್ತದೆ. ಕೊನೆಯ ಹಂತದಲ್ಲಿ ತಗುಲಿದರೆ ಹುಳ ಗೂಡು ಕಟ್ಟುತ್ತದೆ, ಆಮೇಲೆ ಊಜಿ ಮರಿ ಅದೇ ಗೂಡಿಗೆ ತೂತು ಕೊರೆದು ಹೊರಗೆ ಬರುತ್ತದೆ. ತೂತು ಗೂಡಿನಲ್ಲಿ ನೂಲು ಬಿಚ್ಚಲಾಗುವುದಿಲ್ಲ.

“ಹೋಗ್ಲಿ, ಸುಲಭದ್ದು ಕೇಳ್ತೀನಿ,” ಎಂದಳು ಮಂಜುಳ. “ಹುಳ ಹಣ್ಣಾಗದು ಹೆಂಗೆ ಗೊತ್ತಾಯ್ತದಣ್ಣ?”

“ಹಳದಿ ಆಯ್ತದೆ!”

“ಅರ್ಧ ಮಾರ್ಕು” ಎಂದಳು ಪುಟ್ಟತ್ತೆ. ನಂಜಣ್ಣ ಚಪ್ಪಾಳೆ ತಟ್ಟಿದ.

ಉಳಿದರ್ಧ ಜಯಕ್ಕನದು. ಹಣ್ಣಾದ ಹುಳ ಸೊಪ್ಪು ಮುಟ್ಟುವುದಿಲ್ಲ, ಬೆಳಕಿಗೆ ಹಿಡಿದರೆ ಮೈ ಅರೆಪಾರದರ್ಶಕ, ಹಿಕ್ಕೆ ಮೆತ್ತಗಾಗುತ್ತದೆ, ತಲೆ ಎತ್ತಿ ಅತ್ತಿತ್ತ ಏನೋ ಹುಡುಕುತ್ತದೆ. ಆಗ ಅದನ್ನು ಎತ್ತಿ ಚಂದ್ರಿಕೆಗೆ ಬಿಡಬೇಕು. ಮುಂಚೆ ಬಿಟ್ಟರೆ ಹುಳ ಕೆಳಗೆ ಬಿದ್ದು ಅಲೆಯುತ್ತದೆ, ಗೂಡು ತೆಳುವಾಗುತ್ತದೆ. ತಡ ಮಾಡಿದರೆ ತಟ್ಟೆಯಲ್ಲೇ ನೂಲು ಸುರಿದು ಖಾಲಿಯಾಗುತ್ತದೆ. ಹುಳಕ್ಕೆ ಆಫೀಸ್ ಟೈಮು ಇಲ್ಲ. ರಾತ್ರಿ ಎರಡಕ್ಕೆ ಹಣ್ಣಾದರೆ ಎರಡಕ್ಕೇ ಏಳಬೇಕು.

“ಒಂದು ಚಂದ್ರಿಕೆಗೆ ಎಷ್ಟು ಹುಳ ಬುಡ್ತೀರಕ್ಕ?” ನಂಜಣ್ಣ ಈಗ ನಿಜವಾಗಿಯೂ ಕೇಳುತ್ತಿದ್ದ.

“ಆರಡಿ ಉದ್ದ, ನಾಲ್ಕಡಿ ಅಗಲ. ಅಂದ್ರೆ 24 ಚದರಡಿ. ಅಡಿಗೆ ನಲವತ್ತರಂಗೆ ಒಂಬೈನೂರು ಚಿಲ್ಲರೆ. ಒತ್ತೊತ್ತಾಗಿ ಬುಟ್ರೆ ಎರಡು ಹುಳ ಸೇರಿ ಒಂದೇ ಗೂಡು ಕಟ್ಬುಡ್ತವೆ. ಜೋಡಿ ಗೂಡು ಅಂತ ನೂಲು ಬಿಚ್ಚೋ ರೀಲರು ಪಕ್ಕಕ್ಕೆ ತಳ್ತನೆ. ಅಲ್ದೆ ಗೂಡು ಕಟ್ಟೋ ಮುಂಚೆ ಹುಳ ಉಚ್ಚೆ ಹುಯ್ತದೆ. ಮೇಲಿನದ್ರದ್ದು ಕೆಳಗಿನ ಗೂಡ್ಗೆ ಬಿದ್ರೆ ಕಲೆ. ಅದ್ಕೇ ಚಂದ್ರಿಕೆ ಓರೆಯಾಗಿ ನಿಲ್ಲಿಸಿ, ಗಾಳಿ ಆಡಕ್ಕೆ ಬುಡದು.”

ಮಂಜುಳ ಪೆನ್ನು ತೆಗೆದು ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದಳು. ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟದ್ದಷ್ಟೂ, ನಾನೂರರಿಂದ ಐನೂರು. ನೂರು ಮೊಟ್ಟೆಗೆ ಕಮ್ಮಿ ಅಂದರೂ ನಲವತ್ತು ಸಾವಿರ ಹುಳ. ಕೈಯಲ್ಲಿ ಒಂದೊಂದೇ ಆರಿಸಿ, ನಲವತ್ತಕ್ಕೂ ಮಿಕ್ಕಿ ಚಂದ್ರಿಕೆಗೆ, ಒಂದೆರಡು ದಿನದೊಳಗೆ. ಸೊಪ್ಪಿನ ಲೆಕ್ಕ ಇನ್ನೊಂದು ಕಡೆ. ನೂರು ಮೊಟ್ಟೆಗೆ ಸುಮಾರು ಒಂದು ಟನ್ ಸೊಪ್ಪು, ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಕೊನೆಯ ವಾರವೊಂದರಲ್ಲೇ ತಿನ್ನುತ್ತವೆ. ದಿನಕ್ಕೆ ನೂರು ಕೆ.ಜಿ.ಗೂ ಮೇಲೆ ಸೊಪ್ಪು, ಕಡ್ಡಿ ತೂಕ ಬೇರೆ. ಬಿಸಿಲೇರುವ ಮುಂಚೆ ಕಡಿದು, ಹೊತ್ತು ತಂದು, ಒದ್ದೆ ಗೋಣಿ ಮುಚ್ಚಿ, ಬೆಳಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತಕ್ಕೆ ಹಾಕುವುದು.

“ನಂಜಣ್ಣ, ‘ವಸಿ ಸೊಪ್ಪು’ ಅಂದ್ರಲ್ಲ, ಇದೇ” ಎಂದು ಹಾಳೆ ತೋರಿಸಿದಳು.

ನಂಜಣ್ಣ ಹಾಳೆಯನ್ನು ತಿರುಗಿಸಿ ಇನ್ನೊಂದು ಮಗ್ಗುಲನ್ನೂ ನೋಡಿದ, ಅಲ್ಲೇನಾದರೂ ರಿಯಾಯಿತಿ ಬರೆದಿದೆಯೋ ಅಂತ.

ರಾಜಣ್ಣ ಕೊನೆಯ ಅಸ್ತ್ರ ತೆಗೆದ. “ಮಾರ್ಕೆಟ್ಟು? ರಾಮನಗರಕ್ಕೆ ಗೂಡು ಹೊರೋನ್ಯಾರು? ಅಲ್ಲಿ ನಿದ್ದೆಗೆಟ್ಟು, ಲಾಟು ಸುರಿದು, ರೇಟಿಗೆ ಕಾಯೋನ್ಯಾರು?”

ನ್ಯಾಯವಾದ ಮಾತು. ಪುಟ್ಟತ್ತೆ ಹತ್ತಕ್ಕೆ ಐದು ಕೊಟ್ಟಳು. ಉಳಿದೈದು ಯಾಕಿಲ್ಲ ಅಂದರೆ, ರೀಲರು ಬಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಅಂಗೈಯಲ್ಲಿ ಅಮುಕಿ ನೋಡುವುದು ರಾಜಣ್ಣನ ಮಾತಿನ ಗಟ್ಟಿತನವನ್ನಲ್ಲ. ಮಿಶ್ರತಳಿ ಗೂಡನ್ನು ಐದಾರು ದಿನಕ್ಕೆ, ಬೈವೋಲ್ಟಿನ್ ತಳಿಯ ಗೂಡನ್ನು ಏಳನೇ ದಿನಕ್ಕೆ ಬಿಡಿಸಬೇಕು. ಸಾಲದವನು ಬಾಗಿಲಲ್ಲಿ ನಿಂತಿದ್ದಾನೆ ಅಂತ ನಾಲ್ಕನೇ ದಿನಕ್ಕೇ ಬಿಡಿಸಿದರೆ ಒಳಗಿನ ಕೋಶ ಇನ್ನೂ ಎಳಸು. ಮೂಟೆಯಲ್ಲಿ ಕುಲುಕಿ ಒಡೆದು ಗೂಡಿನ ಒಳಗೇ ಕಲೆ ಮಾಡುತ್ತದೆ. ಅಲ್ಲಿಗೆ ಕೆ.ಜಿ. ಮೇಲೆ ಬಿದ್ದ ಏಟನ್ನು ಯಾವ ಚೌಕಾಸಿಯೂ ಎತ್ತಲಾರದು.

“ದುಡ್ಡು ಯಾರ ಖಾತೆಗೆ ಬೀಳ್ತದೆ?” ಮಂಜುಳ ಕೇಳಿದಳು.

“ನಂದಕ್ಕೇ. ಬೆಳೆಗಾರ ನಾನಲ್ವಾ?”

“ಪಹಣಿ?”

ರಾಜಣ್ಣ ಬೀಡಿಯ ತುದಿ ನೋಡಿದ. “ಅದು... ನಮ್ಮಪ್ಪಂದು.”

“ನಿಮ್ಮಪ್ಪ ತೀರ್ಕೊಂಡು ಎಷ್ಟು ವರ್ಷ ಆಯ್ತು?” ಎಂದಳು ಪುಟ್ಟತ್ತೆ. “ಅಂಗಾದ್ರೆ ಕಾಗದದ ಪ್ರಕಾರ ಈ ಹುಳ ಮೇಯಿಸ್ತಿರೋನು ನಮ್ಮಣ್ಣ. ಸತ್ತೋನೂ ರೈತ, ಮಲಗಿರೋನೂ ರೈತ, ಗೇಯೋಳು ಮಾತ್ರ ‘ಮನೇಲೇ ಇರ್ತಳೆ’!”

ಮಂಜುಳನ ಬಾಯಲ್ಲಿ ಅಂಕಿಗಳು ಸಿದ್ಧವಾಗಿದ್ದವು. 2015-16ರ ಕೃಷಿ ಗಣತಿಯಲ್ಲಿ ದೇಶದ ಸಾಗುವಳಿದಾರರ ಪೈಕಿ ಹೆಂಗಸರ ಹೆಸರಲ್ಲಿ ಇದ್ದ ಹಿಡುವಳಿ ನೂರಕ್ಕೆ ಸುಮಾರು ಹದಿನಾಲ್ಕು. ವಿಶ್ವಸಂಸ್ಥೆ 2026ನ್ನು ಮಹಿಳಾ ರೈತರ ವರ್ಷ ಅಂತ ಸಾರಿದೆ.

“ವರ್ಷ ಪೂರ್ತೀನಾ?” ಎಂದಳು ಪುಟ್ಟತ್ತೆ. “ಸದ್ಯ, ಆ ವರ್ಷ ಅಧಿಕ ಜ್ಯೇಷ್ಠ ಬೇರೆ ಅದೆ. ಒಂದು ತಿಂಗಳು ಪುಕ್ಕಟೆ.”

“ಪೌತಿ ಖಾತೆ ಮಾಡ್ಸಿ ಅಣ್ಣ,” ಎಂದು ಮಂಜುಳ ಮುಂದುವರಿಸಿದಳು. “ಮರಣ ಪ್ರಮಾಣಪತ್ರ, ವಂಶವೃಕ್ಷ ತಕ್ಕಂಡು ನಾಡಕಚೇರಿಗೆ ಅರ್ಜಿ ಕೊಟ್ರೆ ಆಯ್ತು. ಆಮೇಲೆ ಜಯಕ್ಕನ ಹೆಸರೂ ಸೇರಿಸ್ಬೋದು.”

“ಮಾಡ್ಸು, ಮಾಡ್ಸು,” ಎಂದಳು ಪುಟ್ಟತ್ತೆ ಗೂಡೊಂದನ್ನು ಬೆಳಕಿಗೆ ಹಿಡಿದು ನೋಡುತ್ತಾ. “ವಂಶವೃಕ್ಷ ಬರೀತಾ ಹೋದ್ರೆ ನಮ್ಮಪ್ಪನೂ ಬತ್ತನೆ, ಅವನ ಮಗಳು ನಾನೂ ಬತ್ತೀನಿ.”

ಜಗಲಿ ತಣ್ಣಗಾಯಿತು. ರಾಜಣ್ಣ ಹೆಂಡತಿಯ ಮುಖ ನೋಡಿದ, ಹೆಂಡತಿ ಗೂಡು ನೋಡಿದಳು.

ಮಂಜುಳನಿಗೆ ಉತ್ಸಾಹ ಬಂತು. “ಹೌದತ್ತೆ! ಕರ್ನಾಟಕದಲ್ಲಿ 1994ರಲ್ಲೇ ಹೆಣ್ಮಕ್ಳಿಗೆ ಪಿತ್ರಾರ್ಜಿತದಲ್ಲಿ ಪಾಲು ಅಂತ ಕಾನೂನು ಬಂತು. ಆದ್ರೆ ಅಷ್ಟೊತ್ಗೆ ಮದ್ವೆ ಆಗಿದ್ದೋರ್ನ ಬುಟ್ಟಿದ್ರು. 2005ರ ಕೇಂದ್ರದ ತಿದ್ದುಪಡೀಲಿ ಆ ಕಟ್ಟು ಇಲ್ಲ. ಮುಂಚೇನೇ ಪಾಲು ಆಗಿಲ್ದಿದ್ರೆ ನೀವೂ ಕೇಳ್ಬೋದು.”

“ಅತ್ತೆ, ಟೀ ಕುಡೀತೀಯಾ?” ಎಂದ ರಾಜಣ್ಣ.

“ಯಾರ್ ಮಾಡ್ತರೆ?”

“ನಾನೇ ಮಾಡ್ತೀನಿ ಕನತ್ತೆ.”

ಅವನು ಒಳಗೆ ಹೋದದ್ದು, ಸಕ್ಕರೆ ಡಬ್ಬ ಎಲ್ಲಿದೆ ಅಂತ ಅಲ್ಲಿಂದಲೇ ಕೂಗಿದ್ದು, ಟೀಪುಡಿ ಎಲ್ಲಿದೆ ಅಂತ ಇನ್ನೊಮ್ಮೆ ಕೂಗಿದ್ದು ಬಿಡಿ. ಟೀ ಬಂತು, ಮುದ್ದೆಗಿಂತ ಒಂಚೂರು ತೆಳ್ಳಗಿತ್ತು. ಕುಡಿಯುವಷ್ಟರಲ್ಲಿ ತೀರ್ಮಾನವೂ ಆಯಿತು: ಮುಂದಿನ ತರಬೇತಿಗೆ ಹೆಸರು ಕೊಡುವುದು ಜಯಕ್ಕನದು, ಜೊತೆಗೆ ಮಂಜುಳ ಹೋಗುವುದು.

“ಅವತ್ತು ಹುಳ?” ನಂಜಣ್ಣ ಕೇಳಿದ. “ಮೂರು ಹೊತ್ತು ಸೊಪ್ಪು ರಾಜನ ಕೈಲಿ ಆಯ್ತದಾ?”

“ಅದ್ನೂ ಯೋಚ್ನೆ ಮಾಡೀನಿ,” ಎಂದಳು ಜಯಕ್ಕ. “ಚಾಕಿ ತರೋ ದಿನವ ಲೆಕ್ಕ ಹಾಕಿ ತತ್ತೀನಿ. ಟ್ರೈನಿಂಗ್ ದಿನಕ್ಕೆ ಸರಿಯಾಗಿ ಹುಳ ನಾಲ್ಕ್ನೇ ಜ್ವರಕ್ಕೆ ಕುಂತಿರ್ತವೆ. ಸುಣ್ಣ ಉದುರಿಸ್ಬುಟ್ಟೇ ಹೋಯ್ತೀನಿ. ಸೊಪ್ಪು ಹಾಕಂಗಿಲ್ಲ, ಮುಟ್ಟಂಗಿಲ್ಲ. ಇವ್ರು ಏನೂ ಮಾಡ್ದೆ ಸುಮ್ಕಿದ್ರೆ ಸಾಕು.”

“ಅದು ನಂಗೆ ಬತ್ತದೆ,” ಎಂದ ರಾಜಣ್ಣ, ಬೆಳಗಿನಿಂದ ಮೊದಲ ಬಾರಿಗೆ ಧೈರ್ಯವಾಗಿ.

“ಬರಲ್ಲ ಕನ ಜಯ,” ಎಂದಳು ಪುಟ್ಟತ್ತೆ. “ಇವ್ನಿಗೆ ಕರುಳು ಜಾಸ್ತಿ. ಪಾಪ ಅಂತ ಎರಡು ಸೊಪ್ಪು ಎಸೆದೇ ಎಸೀತನೆ. ಬೀಗ ಹಾಕ್ಕಂಡು ಹೋಗು.”