ಕಂಪನಿ ಸ್ಟೀರಿಯೋ ತೆಗೆಸಿ ಟಚ್‌ಸ್ಕ್ರೀನ್ ಹಾಕಿಸಿದೆ, ರೇಡಿಯೋ ಸತ್ತಿದೆ. ಯಾರಾದರೂ ಹೇಳಿ!

ಮಂಡಕ್ಕಿ_ಮಂಜ (ದಾವಣಗೆರೆ)
ತಲೆ ಕೆಟ್ಟು ಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ವ್ಯಾನಿನಲ್ಲಿ ಕಂಪನಿಯಿಂದಲೇ ಬಂದಿದ್ದ ಸ್ಟೀರಿಯೋ ತೆಗೆಸಿ 9 ಇಂಚಿನ ಆಂಡ್ರಾಯ್ಡ್ ಸೆಟ್ ಹಾಕಿಸಿದೆ. ಬೆಂಗಳೂರಿನಲ್ಲಿ ಫಿಟ್ಟಿಂಗ್. ಅಲ್ಲಿ ಎಲ್ಲ ಚೆನ್ನಾಗಿತ್ತು. ಊರಿಗೆ ಬಂದ ಮೇಲೆ ರೇಡಿಯೋ ಬರುತ್ತಿಲ್ಲ. ಸ್ಕ್ಯಾನ್ ಕೊಟ್ಟರೆ ಸುಮ್ನೆ ಓಡುತ್ತಾ ಹೋಗುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಅಂಗಡಿಯವನಿಗೆ ಫೋನ್ ಮಾಡಿದರೆ "ನಿಮ್ಮೂರಲ್ಲಿ ಟವರ್ ಇಲ್ಲ ಸರ್" ಅನ್ನುತ್ತಾನೆ. ಹಳೇ ಡಬ್ಬದಲ್ಲಿ ಇದೇ ಊರಲ್ಲಿ ದಿನಾ ಬೆಳಿಗ್ಗೆ ವಾರ್ತೆ ಕೇಳುತ್ತಿದ್ದೆನಲ್ಲ, ಆಗ ಟವರ್ ಎಲ್ಲಿಂದ ಬಂದಿತ್ತು? ಸೆಟ್ ಡೂಪ್ಲಿಕೇಟಾ? ವಾಪಸ್ ಕೊಡಲಾ?

ಕೋಟೆ_ಹುಡುಗ (ಚಿತ್ರದುರ್ಗ)
ಯಾವ ವ್ಯಾನ್? ಯಾವ ಸೆಟ್? ಯಾವ ಸ್ಟೇಷನ್?

ವೈರಿಂಗ್_ವೀರೇಶಣ್ಣ
ಏನೂ ಕೇಳುವುದೇ ಬೇಡ, ನೀಲಿ ವೈರ್. ನೂರಕ್ಕೆ ನೂರು ನೀಲಿ ವೈರ್. ಕಂಪನಿ ಆಂಟೆನಾ ಬುಡದಲ್ಲಿ ಪುಟ್ಟ ಬೂಸ್ಟರ್ ಇರುತ್ತದೆ, ಅದಕ್ಕೆ 12 ವೋಲ್ಟ್ ಬೇಕು. ಹೊಸ ಸೆಟ್ಟಿನ ನೀಲಿ ವೈರಿನಿಂದ ಅದು ಹೋಗಬೇಕು. ಫಿಟ್ಟಿಂಗ್ ಹುಡುಗರು ಅದನ್ನು ಟೇಪ್ ಸುತ್ತಿ ಒಳಗೆ ತುರುಕಿರುತ್ತಾರೆ. ಬೆಂಗಳೂರಿನಲ್ಲಿ ಸಿಗ್ನಲ್ ಜೋರು, ಬೂಸ್ಟರ್ ಇಲ್ಲದೆಯೂ ಬರುತ್ತದೆ. ನಮ್ಮ ಕಡೆ ಬರುವುದಿಲ್ಲ. ಅಷ್ಟೇ ವಿಷಯ.

ಮಂಡಕ್ಕಿ_ಮಂಜ
ವ್ಯಾನ್ ನಿಸ್ಸಾನ್ ಇವಾಲಿಯಾ. ಸೆಟ್ ಯಾವುದು ಅಂದರೆ ಡಬ್ಬದ ಮೇಲೆ ಬರೀ ಆಂಡ್ರಾಯ್ಡ್ ಅಂತ ಇದೆ, 4×50 ವ್ಯಾಟ್ (ನಾಲ್ಕು ಸ್ಪೀಕರಿಗೆ ತಲಾ 50) ಅಂತ ಇದೆ. ಡ್ಯಾಶ್ ಬಿಚ್ಚಿ ನೋಡಿದೆ ವೀರೇಶಣ್ಣ, ನೀಲಿ ವೈರ್ ಒಂದಕ್ಕೊಂದು ಸೇರಿಸಿದ್ದಾರೆ.

ಹರಿಹರ_ಬಾಸ್
ಇವಾಲಿಯಾ ಇನ್ನೂ ಓಡಿಸುತ್ತಿದ್ದೀರಾ! 2012ರಲ್ಲಿ ಬಂದಾಗ ನಮ್ಮ ಮಾವ ನೋಡಿ ಬಂದು "ಇದು ಆಂಬ್ಯುಲೆನ್ಸ್ ಇದ್ದ ಹಾಗಿದೆ" ಅಂತ ಬಿಟ್ಟುಬಿಟ್ಟರು. ನನ್ನ ಓಮ್ನಿಯಲ್ಲಿ 10 ಇಂಚು ಸೆಟ್, ಹಿಂದೆ 12 ಇಂಚಿನ ಸಬ್, ಬಾಗಿಲಿಗೆಲ್ಲ ಡ್ಯಾಂಪಿಂಗ್ ಶೀಟ್. ಪಿ.ಬಿ. ರಸ್ತೆಯಲ್ಲಿ ಹೋದರೆ ಜನ ತಿರುಗಿ ನೋಡಬೇಕು. ಈ ಕಾಲದಲ್ಲಿ ರೇಡಿಯೋ ಯಾರು ಕೇಳುತ್ತಾರೆ ಗುರು, ಫೋನ್ ಬ್ಲೂಟೂತ್‌ಗೆ ಹಾಕಿಕೊಳ್ಳಿ.

ಮಂಡಕ್ಕಿ_ಮಂಜ
ನಾನು ಕೇಳುತ್ತೇನೆ. ಬೆಳಿಗ್ಗೆ ಲೋಡ್ ಹಾಕಿಕೊಂಡು ಭರಮಸಾಗರದ ಕಡೆ ಹೊರಟರೆ ರೇಡಿಯೋ ಬೇಕೇ ಬೇಕು.

ವೈರಿಂಗ್_ವೀರೇಶಣ್ಣ
ಸೇರಿಸಿದರೆ ಸಾಲದು, ವೋಲ್ಟೇಜ್ ಬರಬೇಕು. ರೇಡಿಯೋ ಆನ್ ಮಾಡಿ ಮಲ್ಟಿಮೀಟರ್ ಇಟ್ಟು ನೋಡಿ. ಕಪ್ಪು ಕಡ್ಡಿ ಗಾಡಿಯ ಲೋಹದ ಬಾಡಿಗೆ, ಕೆಂಪು ಕಡ್ಡಿ ನೀಲಿ ವೈರಿಗೆ. ಇನ್ನೊಂದು, ಹಳದಿಯನ್ನೂ ಕೆಂಪನ್ನೂ ಒಟ್ಟಿಗೆ ತಿರುಚಿದ್ದಾರಾ ನೋಡಿ. ಹಳದಿ ಯಾವಾಗಲೂ ಬ್ಯಾಟರಿ, ಕೆಂಪು ಕೀ ತಿರುಗಿಸಿದಾಗ ಮಾತ್ರ. ಎರಡನ್ನೂ ಸೇರಿಸಿದರೆ ಕೀ ತೆಗೆದರೂ ಸೆಟ್ ಮಲಗುವುದಿಲ್ಲ, ಬೆಳಿಗ್ಗೆ ಗಾಡಿ ತಳ್ಳಬೇಕಾಗುತ್ತದೆ. ಅದಲು ಬದಲಾಗಿದ್ದರೆ ಕೀ ತೆಗೆದಾಗಲೆಲ್ಲ ಟೈಮು, ಸೇವ್ ಮಾಡಿದ ಸ್ಟೇಷನ್ ಎಲ್ಲ ಮರೆತು ಹೋಗುತ್ತದೆ.

ಮೀಟರ್_ಮೇಷ್ಟ್ರು
ಮೊದಲು ಆ 4×50 ಸುಳ್ಳನ್ನು ಪಕ್ಕಕ್ಕಿಡಿ. ಎಂಜಿನ್ ಓಡುವಾಗ ಸಿಗುವುದು 14.4 ವೋಲ್ಟ್. ಬ್ರಿಜ್ ಜೋಡಣೆಯ ಚಾನೆಲ್ (ಸ್ಪೀಕರಿನ ಎರಡೂ ವೈರನ್ನು ಸೆಟ್ಟೇ ಓಡಿಸುತ್ತದೆ), 4 ಓಮ್ ಸ್ಪೀಕರ್. 14.4ನ್ನು 14.4ರಿಂದಲೇ ಗುಣಿಸಿ 8ರಿಂದ ಭಾಗಿಸಿ. ಸುಮಾರು 26 ವ್ಯಾಟ್. ಅದೂ ಕಾಗದದ ಮೇಲೆ ಮಾತ್ರ. ಒಳಗೆ ಬೇರೆ ಪವರ್ ಸಪ್ಲೈ ಇಲ್ಲದೆ ಇದಕ್ಕಿಂತ ಜಾಸ್ತಿ ಯಾವ ಸೆಟ್ಟೂ ಕೊಡುವುದಿಲ್ಲ.

ಹರಿಹರ_ಬಾಸ್
ನನ್ನ ಸೆಟ್ ಕೊಡುತ್ತದೆ. ಗಾಜು ನಡುಗುತ್ತದೆ.

ಮೀಟರ್_ಮೇಷ್ಟ್ರು
ಗಾಜು ನಡುಗಿಸುತ್ತಿರುವುದು ಸೀಟಿನ ಕೆಳಗೆ ನೀವು ಇಟ್ಟಿರುವ ಆಂಪ್, ಸೆಟ್ ಅಲ್ಲ. ಅದೇ ಬ್ರಿಜ್ ಜೋಡಣೆಯ ಕಾರಣಕ್ಕೆ ಸ್ಪೀಕರಿನ ಮೈನಸ್ ವೈರನ್ನು ಯಾರೂ ಬಾಡಿಗೆ ಕಟ್ಟಬಾರದು. ಹಳೇ ಗಾಡಿಗಳಲ್ಲಿ ಎಲ್ಲ ಸ್ಪೀಕರಿಗೂ ಒಂದೇ ಮೈನಸ್ ಇರುತ್ತಿತ್ತು. ಅದಕ್ಕೆ ಹೊಸ ಸೆಟ್ ಜೋಡಿಸಿದರೆ ಪ್ರೊಟೆಕ್ಷನ್‌ಗೆ ಹೋಗುತ್ತದೆ, ಇಲ್ಲವೇ ಐಸಿ ಸುಡುತ್ತದೆ.

ಕೋಟೆ_ಹುಡುಗ
ಸ್ಪೀಕರ್ ವಿಷಯ ಯಾರು ಕೇಳಿದರು ಮೇಷ್ಟ್ರೇ? ಅವರಿಗೆ ರೇಡಿಯೋ ಬರುತ್ತಿಲ್ಲ.

ಮಂಡಕ್ಕಿ_ಮಂಜ
ಮೀಟರ್ ಇಟ್ಟೆ. ನೀಲಿ ವೈರಿನಲ್ಲಿ 12.1 ತೋರಿಸಿತು. ಹಳದಿ, ಕೆಂಪು ಬೇರೆ ಬೇರೆಯೇ ಇವೆ. ಟೈಮ್ ಮರೆಯುವುದಿಲ್ಲ. ಈಗ?

ವೈರಿಂಗ್_ವೀರೇಶಣ್ಣ
ಹಾಗಾದರೆ ಬೂಸ್ಟರ್ ಹೋಗಿದೆ. ಆಂಟೆನಾ ಜಾಕ್ ಎಳೆದು, ಸೆಟ್ಟಿನ ತೂತಿನ ನಡುವಿಗೆ 75 ಸೆಂಟಿಮೀಟರ್ ವೈರ್ ಚುಚ್ಚಿ ಕಿಟಕಿಯಿಂದ ಹೊರಗೆ ಬಿಡಿ. ಎಫ್‌ಎಂ ಅಲೆ ಸುಮಾರು 3 ಮೀಟರ್ ಉದ್ದ, ಅದರ ಕಾಲು ಭಾಗ ಸಾಕು. ಅದರಲ್ಲಿ ಬಂದರೆ ಆಂಟೆನಾ ಬದಲಾಯಿಸಿ. ನೋಡುತ್ತಿರಿ, ಬಂದೇ ಬರುತ್ತದೆ.

ಮಂಡಕ್ಕಿ_ಮಂಜ
ಅದೂ ಆಯಿತು. ವೈರ್ ಹಾಕಿದರೂ ಅಷ್ಟೇ, ಆಂಟೆನಾ ಹಾಕಿದರೂ ಅಷ್ಟೇ. ಕೈಯಲ್ಲಿ ತಿರುಗಿಸಿದರೆ ಒಂದು ಕಡೆ ಯಾರೋ ಮಾತಾಡುವುದು ಕೇಳುತ್ತದೆ, ಆದರೆ ಗಂಟಲು ಹಿಸುಕಿದ ಹಾಗೆ ಕರಕರ. ಒಂದು ಹೆಜ್ಜೆ ಮುಂದಕ್ಕೆ ತಿರುಗಿಸಿದರೂ ಅದೇ ಕರಕರ. ಎಎಂನಲ್ಲಾದರೂ ಭದ್ರಾವತಿ ಸಿಗುತ್ತದಾ ನೋಡೋಣ ಅಂತ ಹುಡುಕಿದೆ. ಅಲ್ಲಿ 670 ಆದ ಮೇಲೆ ಸೀದಾ 680ಕ್ಕೆ ಹಾರುತ್ತದೆ, ದರಿದ್ರದ್ದು. ನಾಳೆ ವಾಪಸ್ ಕಳಿಸುತ್ತೇನೆ.

ವೈರಿಂಗ್_ವೀರೇಶಣ್ಣ
ಕರಕರ ಅಂದರೆ ಅರ್ಥಿಂಗ್. ಸೆಟ್ಟಿನ ಕಪ್ಪು ವೈರನ್ನು ನೇರ ಬಾಡಿಗೆ ಕಟ್ಟಿ, ಬಣ್ಣ ಕೆರೆದು.

ಕೋಟೆ_ಹುಡುಗ
ವೀರೇಶಣ್ಣ ಒಂದು ನಿಮಿಷ. ಮಂಜಣ್ಣ, ಏನೂ ಕಳಿಸಬೇಡಿ. ನೀವು ಕೇಳುತ್ತಿದ್ದದ್ದು ನಮ್ಮ ಚಿತ್ರದುರ್ಗ ಆಕಾಶವಾಣಿ ತಾನೇ, 102.6? ಕರಕರ ಬರುವ ಕಡೆ ಪರದೆ ಮೇಲೆ ಎಷ್ಟು ತೋರಿಸುತ್ತದೆ?

ಮಂಡಕ್ಕಿ_ಮಂಜ
ಹೌದು, ಇನ್ಯಾವುದು? 102.5 ತೋರಿಸುತ್ತದೆ. ಮುಂದಿನದು 102.7. ನಡುವೆ ನಿಲ್ಲುವುದೇ ಇಲ್ಲ.

ಕೋಟೆ_ಹುಡುಗ
ಸಿಕ್ಕಿತು. ಸೆಟ್ ಅಮೆರಿಕದ ಲೆಕ್ಕದಲ್ಲಿದೆ. ಅಲ್ಲಿ ಎಫ್‌ಎಂ ಸ್ಟೇಷನ್ನುಗಳೆಲ್ಲ ಬೆಸ ಸಂಖ್ಯೆಯ ಮೇಲೇ ಇರುತ್ತವೆ, 102.5, 102.7, 102.9 ಹೀಗೆ. ಅದಕ್ಕೆ ಸೆಟ್ 0.2 ಲೆಕ್ಕದಲ್ಲಿ ಹಾರುತ್ತದೆ. ನಮ್ಮ 102.6 ಅದರ ಪಾಲಿಗೆ ಇಲ್ಲವೇ ಇಲ್ಲ. ಬೆಂಗಳೂರಿನಲ್ಲಿ ಯಾಕೆ ಬಂತು ಅಂದರೆ ಅಲ್ಲಿಯ ಸ್ಟೇಷನ್ ನೋಡಿ: ರೇನ್‌ಬೋ 101.3, ವಿವಿಧ ಭಾರತಿ 102.9, ಖಾಸಗಿಯವು 91.1, 92.7, 93.5. ಬಹುತೇಕ ಬೆಸ! ಅಂಗಡಿಯವನಿಗೆ ಗೊತ್ತಾಗುವ ಸಂಭವ ಕಡಿಮೆ. ಎಎಂ ಕೂಡ ಅದನ್ನೇ ಹೇಳುತ್ತಿದೆ. ನಮ್ಮಲ್ಲಿ ಎಎಂ 9 ಕಿಲೋಹರ್ಟ್ಸ್ ಹೆಜ್ಜೆ, 666, 675, 684. ಅಮೆರಿಕದಲ್ಲಿ 10, ಅದಕ್ಕೇ ನಿಮಗೆ 670 ಆದ ಮೇಲೆ 680. ಭದ್ರಾವತಿ 675.

ಸೆಟ್ಟಿಂಗ್ಸ್‌ನಲ್ಲಿ ರೇಡಿಯೋ ರೀಜನ್ ಅಂತ ಹುಡುಕಿ. ಮಾಮೂಲಿ ಜಾಗದಲ್ಲಿ ಇಲ್ಲದಿದ್ದರೆ ಫ್ಯಾಕ್ಟರಿ ಸೆಟ್ಟಿಂಗ್ಸ್ ಒಳಗೆ ಇರುತ್ತದೆ. ಅದು ಪಾಸ್‌ವರ್ಡ್ ಕೇಳುತ್ತದೆ. ಬಹಳ ಸೆಟ್ಟುಗಳಲ್ಲಿ 8888, 3368, 126 ಇವುಗಳಲ್ಲಿ ಯಾವುದಾದರೂ ಒಂದು. ಇಂಡಿಯಾ ಅಂತ ಇಲ್ಲದಿದ್ದರೆ ಯುರೋಪ್ ಆರಿಸಿ. ಜಪಾನ್ ಬೇಡ, ಅದು 76ರಿಂದ ಶುರುವಾಗುತ್ತದೆ. ಆಮೇಲೆ ಹಳೇ ಸ್ಟೇಷನ್ ಅಳಿಸಿ ಹೊಸದಾಗಿ ಸ್ಕ್ಯಾನ್ ಕೊಡಿ. ಆ ಮೆನುವಿನಲ್ಲಿ ಬೇರೆ ಏನನ್ನೂ ಮುಟ್ಟಬೇಡಿ ದಯವಿಟ್ಟು, ಅದರಲ್ಲೂ ಸ್ಕ್ರೀನ್ ವಿಭಾಗ. ಪರದೆ ತಲೆಕೆಳಗಾದರೆ ಮತ್ತೆ ಸರಿ ಮಾಡಲು ಕಣ್ಣೀರು ಬರುತ್ತದೆ.

ಮೀಟರ್_ಮೇಷ್ಟ್ರು
ಸರಿಯಾಗಿದೆ. ಇನ್ನೊಂದು ಲಾಭವೂ ಇದೆ. ಅಮೆರಿಕದಲ್ಲಿ ಡಿ-ಎಂಫಸಿಸ್ (ಎಫ್‌ಎಂನ ಚೂಪು ಸದ್ದನ್ನು ರೇಡಿಯೋ ತಗ್ಗಿಸುವ ಲೆಕ್ಕ) 75 ಮೈಕ್ರೋಸೆಕೆಂಡ್, ನಮ್ಮಲ್ಲಿ ಯುರೋಪಿನಂತೆ 50. ಆ ಸೆಟ್ಟಿಂಗ್‌ನಲ್ಲೇ ಕೇಳಿದರೆ ತಾಳ, ಗೆಜ್ಜೆಯ ಸದ್ದು ಮಂಕಾಗಿ ಬರುತ್ತದೆ. ಬದಲಾಯಿಸಿದ ಮೇಲೆ ಅದೂ ತೆರೆದುಕೊಳ್ಳಬೇಕು.

ಹರಿಹರ_ಬಾಸ್
ನನ್ನದರಲ್ಲಿ ಈಕ್ವಲೈಜರ್ 32 ಬ್ಯಾಂಡ್ ಇದೆ, ಇದೆಲ್ಲ ತಲೆನೋವೇ ಇಲ್ಲ.

ಮಂಡಕ್ಕಿ_ಮಂಜ
ಬಂತು!! ಪಾಸ್‌ವರ್ಡ್ 126. ರೀಜನ್ ಅಮೆರಿಕ ಅಂತಲೇ ಇತ್ತು. ಯುರೋಪ್ ಮಾಡಿದ ತಕ್ಷಣ 102.6ರಲ್ಲಿ ತಾನಾಗಿಯೇ ನಿಂತಿತು. ಕೋಟೆ ಹುಡುಗರೇ, ದಾವಣಗೆರೆಗೆ ಬಂದರೆ ಬೆಣ್ಣೆ ದೋಸೆ ನನ್ನ ಲೆಕ್ಕ, ಮಿರ್ಚಿ ಮಂಡಕ್ಕಿಯೂ ಸೇರಿ. ಚಿತ್ರದುರ್ಗದ ಕಡೆ ಹೋಗುತ್ತಾ ಸ್ವಚ್ಛ. ಊರೊಳಗೆ ಮಾತ್ರ ಅಲ್ಲಲ್ಲಿ ಸುಂಯ್ ಅನ್ನುತ್ತದೆ.

ವೈರಿಂಗ್_ವೀರೇಶಣ್ಣ
ನೋಡಿ, ನಾನು ಹೇಳಿದ್ದೆ. ಬೂಸ್ಟರ್ ವೀಕ್ ಆಗಿದೆ.

ಕೋಟೆ_ಹುಡುಗ
ಟ್ರಾನ್ಸ್‌ಮಿಟರ್ ನಮ್ಮೂರಲ್ಲಿದೆ, ನೀವಿರುವುದು ಸುಮಾರು 60 ಕಿಲೋಮೀಟರ್ ದೂರ. ಕಟ್ಟಡಗಳ ನಡುವೆ ಅಷ್ಟು ಸುಂಯ್ ಮಾಮೂಲಿ. ಆದರೂ ಮೊಬೈಲ್ ಚಾರ್ಜರ್ ಮತ್ತು ಡ್ಯಾಶ್‌ಕ್ಯಾಮ್ ಪ್ಲಗ್ ಕಿತ್ತು ಒಮ್ಮೆ ಕೇಳಿ ನೋಡಿ. ಅಗ್ಗದ ಚಾರ್ಜರ್ ಎಫ್‌ಎಂಗೆ ದೊಡ್ಡ ಶತ್ರು.

ಮಂಡಕ್ಕಿ_ಮಂಜ
ಡ್ಯಾಶ್‌ಕ್ಯಾಮ್ ಕಿತ್ತರೆ ಅರ್ಧ ಕಡಿಮೆ ಆಯಿತು.

ವೈರಿಂಗ್_ವೀರೇಶಣ್ಣ
ಇನ್ನರ್ಧ ಬೂಸ್ಟರ್.

ಹೆದ್ದಾರಿ_48
ಅಣ್ಣ, ನನ್ನದೂ ಇದೇ ಸಮಸ್ಯೆ. ರಿವರ್ಸ್ ಹಾಕಿದರೆ ಕ್ಯಾಮೆರಾ ಬರುತ್ತಿಲ್ಲ, ಪರದೆ ಕಪ್ಪು.

ಮೀಟರ್_ಮೇಷ್ಟ್ರು
ಇದೇ ಸಮಸ್ಯೆ ಹೇಗಾಗುತ್ತದೆ ತಮ್ಮಾ? ಇರಲಿ. ರಿವರ್ಸ್ ಹಾಕಿದಾಗ ಪರದೆ ತಾನಾಗಿಯೇ ಕಪ್ಪಾಗುತ್ತದಾದರೆ ಟ್ರಿಗರ್ ವೈರ್ (ರಿವರ್ಸ್ ಬಿತ್ತು ಅಂತ ಸೆಟ್ಟಿಗೆ ಹೇಳುವುದು) ಸರಿ ಇದೆ. ಕ್ಯಾಮೆರಾಕ್ಕೆ ರಿವರ್ಸ್ ಬಲ್ಬಿನಿಂದ 12 ವೋಲ್ಟ್ ಬರುತ್ತಿದೆಯಾ ನೋಡು. ಅದೂ ಬರುತ್ತಿದ್ದರೆ ಸೆಟ್ಟಿಂಗ್‌ನಲ್ಲಿ ಕ್ಯಾಮೆರಾ ಎಎಚ್‌ಡಿಯಾ (ಹೆಚ್ಚು ಸ್ಪಷ್ಟ ಚಿತ್ರದ್ದು), ಸಿವಿಬಿಎಸ್ಸಾ (ಹಳೇ ಮಾದರಿಯದು) ಅಂತ ಬದಲಿಸಿ ನೋಡು. ಅದೂ ಆಗದಿದ್ದರೆ ಹೊಸ ಚರ್ಚೆ ಶುರು ಮಾಡು. ಗಾಡಿ ಯಾವುದು, ಸೆಟ್ ಯಾವುದು ಅಂತ ಮೊದಲ ಸಾಲಿನಲ್ಲೇ ಬರಿ.

ಹರಿಹರ_ಬಾಸ್
ನನ್ನದರಲ್ಲಿ 360 ಡಿಗ್ರಿ ಕ್ಯಾಮೆರಾ.